ಬಂಡಿಯ ದಾರಿಯ ಹೆಣ್ಣುಮಕ್ಕಳು

ನಂಜನಗೂಡಿಗೆ ಸಮೀಪದಲ್ಲಿರುವ ಕಳಲೆ ಚರಿತ್ರೆಯಲ್ಲಿ ಹೆಸರಾದ ಊರು. ಹದಿನೆಂಟನೆಯ ಶತಮಾನದಲ್ಲಿ ಮೈಸೂರು ಅರಸರ ದಳವಾಯಿಗಳಾಗಿ, ರಾಜ್ಯದ ಆಗುಹೋಗುಗಳನ್ನೆಲ್ಲ ತಮ್ಮ ಮುಷ್ಟಿಯಲ್ಲಿ ಹಿಡಿದಿದ್ದ ಮನೆತನ ಈ ಊರಿನದು. ಆ ಮನೆತನದ ದಳವಾಯಿ ದೇವರಾಜಯ್ಯ 1735ರ ಸುಮಾರಿನಲ್ಲಿ ಕಟ್ಟಿಸಿದನೆಂದು ಹೇಳುವ ಕಲ್ಲುಸೇತುವೆ ನಂಜನಗೂಡಿನ ಬಳಿ ಕಪಿಲಾ ನದಿಯ ಮೇಲೆ ಇಂದಿಗೂ ನಿಂತಿದೆ. ಅವನ ತಮ್ಮ ಕರಾಚೂರಿ ನಂಜರಾಜಯ್ಯ ತಿರುಚಿನಾಪಳ್ಳಿಯವರೆಗೆ ಸೈನ್ಯ ನಡೆಸಿಕೊಂಡು ಹೋದವನು. ಈ ಸಂಗತಿಗಳನ್ನು ಇತಿಹಾಸದ ಪುಸ್ತಕಗಳು ವಿಸ್ತಾರವಾಗಿ ಹೇಳುತ್ತವೆ. ಆದರೆ ಆ ಸೇತುವೆಯನ್ನು ವರ್ಷ ವರ್ಷವೂ ತಪ್ಪದೆ ದಾಟಿದವರು ದಳವಾಯಿಗಳಲ್ಲ. ಜಾತ್ರೆಗೆ, ತೀರ್ಥಸ್ನಾನಕ್ಕೆ, ತವರಿಗೆ, ಬಾಣಂತನಕ್ಕೆ ಎಂದು ಎತ್ತಿನ ಬಂಡಿಯಲ್ಲಿ ಕುಳಿತು ಹೊರಟ ಹೆಣ್ಣುಮಕ್ಕಳು. ಅವರ ಪಯಣದ ಕಥೆಯನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ಅದು ಅಡಿಗೆಯ ಕ್ರಮದಲ್ಲಿ, ಗಂಟು ಕಟ್ಟುವ ರೀತಿಯಲ್ಲಿ, ಅಜ್ಜಿಯಂದಿರು ಹೊರಡುವ ಮುನ್ನ ಹೇಳುವ ಎಚ್ಚರಿಕೆಯ ಮಾತುಗಳಲ್ಲಿ ಉಳಿದುಬಂದಿದೆ.

ಈ ಸೀಮೆಯಲ್ಲಿ ಬಂಡಿ ಹೂಡುವುದಕ್ಕೆ ಕಾರಣಗಳು ಕಡಿಮೆಯಿರಲಿಲ್ಲ. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಒಂದರ ಹಿಂದೆ ಒಂದು ಹೊರಡುವುದನ್ನು ನೋಡಲು ಸುತ್ತಣ ಊರುಗಳೆಲ್ಲ ಬರಿದಾಗುತ್ತಿದ್ದುವು. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರಕ್ಕೆ ಮಾಘಸ್ನಾನಕ್ಕೆ ಹೋಗುವುದೆಂದರೆ ಬಂಡಿಗೆ ಒಂದು ದಿನದ ದಾರಿ. ಅಲ್ಲಿಂದ ಮುಂದೆ ಮುಡುಕುತೊರೆಯ ಮಲ್ಲಿಕಾರ್ಜುನನ ಜಾತ್ರೆ. ದನಗಳ ಪರಿಷೆಯೂ ಅಲ್ಲಿಯೇ ಸೇರುತ್ತದೆ. ಅದಕ್ಕೂ ಆಚೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು. ಅಲ್ಲಿ ಸಿದ್ಧಪ್ಪಾಜಿಯ ಜಾತ್ರೆ ಐದು ದಿನ ನಡೆಯುವುದರಿಂದ ಮನೆಮಂದಿಯೆಲ್ಲ ಬಿಡಾರ ಹೂಡಿ ಅಲ್ಲಿಯೇ ಅಟ್ಟುಣ್ಣುತ್ತಿದ್ದರು. ಎಲ್ಲಕ್ಕಿಂತಲೂ ದೂರದ್ದು, ಕಷ್ಟದ್ದು ಮಲೆ ಮಹದೇಶ್ವರನ ಬೆಟ್ಟ. ಕಳಲೆಯಿಂದ ಅದು ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಕೊನೆಯ ಭಾಗ ಕಾಡು ಮತ್ತು ಏರು. ಬಂಡಿಯನ್ನು ಬೆಟ್ಟದ ಬುಡದಲ್ಲಿ ಬಿಟ್ಟು ಕಾಲ್ನಡಿಗೆಯಲ್ಲಿ ಹತ್ತಬೇಕಾಗಿತ್ತು.

ಎತ್ತಿನ ಬಂಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರು ಸಾಗುತ್ತದೆ. ಎತ್ತುಗಳಿಗೆ ಮೇವು, ನೀರು, ವಿಶ್ರಾಂತಿ ಕೊಟ್ಟು ಹೊಡೆದರೆ ದಿನಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರು. ಆದುದರಿಂದ ಬೆಟ್ಟದ ಯಾತ್ರೆ ಎಂದರೆ ಹೋಗಲು ಐದಾರು ದಿನ, ಬರಲು ಅಷ್ಟೇ ದಿನ, ನಡುವೆ ಸೇವೆಯ ದಿನಗಳು. ಸುಮಾರು ಅರ್ಧ ತಿಂಗಳು ಮನೆಯೊಂದು ಚಕ್ರಗಳ ಮೇಲೆ ಕುಳಿತು ದಾರಿಯಲ್ಲಿರುತ್ತಿತ್ತು. ಒಂಟಿ ಬಂಡಿ ಹೋಗುವುದು ಅಪರೂಪ. ಹತ್ತು ಹದಿನೈದು ಬಂಡಿಗಳು ಸಾಲುಗೂಡಿ ಹೊರಡುತ್ತಿದ್ದುವು. ಎತ್ತು ಹೂಡುವುದು, ಚಕ್ರಕ್ಕೆ ಕೀಲೆಣ್ಣೆ ಹಾಕುವುದು, ಹೊಳೆಯ ಹಾಯ್ಗಡವನ್ನು ಗುರುತಿಸುವುದು ಗಂಡಸರ ಕೆಲಸ. ಉಳಿದುದೆಲ್ಲವೂ ಹೆಂಗಸರದು. ಆ ‘ಉಳಿದುದು’ ಎಷ್ಟೆಂಬುದನ್ನು ಲೆಕ್ಕ ಹಾಕಿದವರು ಕಡಿಮೆ.

ಮೊದಲನೆಯದಾಗಿ ಬುತ್ತಿ. ಮನೆಯಲ್ಲಿ ಮಾಡುವ ಅಡಿಗೆ ಬೇರೆ, ದಾರಿಗೆಂದು ಮಾಡುವ ಅಡಿಗೆ ಬೇರೆ. ತೆಂಗಿನಕಾಯಿ ಬೆರೆತದ್ದು ಬೇಗ ಹಳಸುತ್ತದೆ. ಆದಕಾರಣ ಅದು ಮೊದಲನೆಯ ದಿನದ ಮಧ್ಯಾಹ್ನಕ್ಕೇ ಮುಗಿಯಬೇಕು. ಹುಣಸೆಯ ಹುಳಿಯನ್ನು ಎಣ್ಣೆಯಲ್ಲಿ ಕುದಿಸಿ ಗಟ್ಟಿ ಮಾಡಿದ ಗೊಜ್ಜು ವಾರಗಟ್ಟಲೆ ಕೆಡುವುದಿಲ್ಲ. ಅನ್ನವೊಂದನ್ನು ಬೇಯಿಸಿಕೊಂಡರೆ ಊಟ ಸಿದ್ಧ. ರಾಗಿಯ ಹುರಿಹಿಟ್ಟು ಇನ್ನೂ ಮೇಲು. ಅದಕ್ಕೆ ಒಲೆಯೇ ಬೇಡ. ಬೆಲ್ಲ ನೀರು ಬೆರೆಸಿ ಕಲಸಿದರೆ ಮಕ್ಕಳ ಹಸಿವು ಅಡಗುತ್ತದೆ. ಮೊಸರನ್ನದ ಗುಟ್ಟು ಎಲ್ಲಕ್ಕಿಂತಲೂ ಜಾಣತನದ್ದು. ಬೆಳಗ್ಗೆ ಹೊರಡುವಾಗ ಮೊಸರು ಕಲಸಿದರೆ ಮಧ್ಯಾಹ್ನದ ಬಿಸಿಲಿಗೆ ಅದು ಹುಳಿಯಾಗಿ ತಿನ್ನಲು ಬಾರದಾಗುತ್ತದೆ. ಅನ್ನಕ್ಕೆ ಹಾಲನ್ನು ಧಾರಾಳವಾಗಿ ಬೆರೆಸಿ, ಹೆಪ್ಪಿಗೆಂದು ಒಂದೇ ಚಮಚದಷ್ಟು ಮೊಸರು ಹಾಕಿ ಬಾಯಿ ಕಟ್ಟಿದರೆ, ಬಂಡಿ ಸಾಗುತ್ತಿರುವಾಗಲೇ ಹಾಲು ಹೆಪ್ಪಾಗಿ, ಊಟದ ಹೊತ್ತಿಗೆ ಹಿತವಾದ ಮೊಸರನ್ನವಾಗಿರುತ್ತದೆ. ಬಿಸಿಲನ್ನು ಶತ್ರುವೆಂದು ಬಗೆಯದೆ ಅಡಿಗೆಯ ಆಳಿನಂತೆ ದುಡಿಸಿಕೊಂಡ ಯುಕ್ತಿ ಇದು.

ಎತ್ತುಗಳ ಹೊಟ್ಟೆಯೂ ಹೆಂಗಸರ ಲೆಕ್ಕದಲ್ಲಿಯೇ ಇತ್ತು. ಬಿಡಾರ ಸೇರಿದೊಡನೆ ಮೂರು ಕಲ್ಲಿನ ಒಲೆಯ ಮೇಲೆ ಮೊದಲು ಏರುತ್ತಿದ್ದುದು ಹುರುಳಿಯ ಮಡಕೆ. ಬೆಂದ ಹುರುಳಿ ಎತ್ತಿಗೆ. ಅದರ ಕಟ್ಟನ್ನು ಬಸಿದು ಒಗ್ಗರಣೆ ಕೊಟ್ಟರೆ ಮನುಷ್ಯರಿಗೆ ಸಾರು. ಒಂದೇ ಬೆಂಕಿಯಲ್ಲಿ ಬಂಡಿ ಎಳೆಯುವವರಿಗೂ ಬಂಡಿಯಲ್ಲಿ ಕುಳಿತವರಿಗೂ ಊಟವಾಗುತ್ತಿತ್ತು. ಹುರುಳಿಕಟ್ಟಿನ ಸಾರಿನ ರುಚಿಯನ್ನು ಇಂದು ಹೊಗಳುವವರು ಅದರಲ್ಲಿ ಎತ್ತಿನ ಪಾಲೂ ಇತ್ತೆಂಬುದನ್ನು ನೆನೆಯುವುದಿಲ್ಲ.

ಎರಡನೆಯದು ನೀರು. ಬೇಸಗೆಯಲ್ಲಿ ನದಿ ಬತ್ತಿ ಅಲ್ಲಲ್ಲಿ ಮಡುಗಟ್ಟಿ ನಿಂತಾಗ, ಆ ನಿಂತ ನೀರನ್ನು ಕುಡಿಯಬಾರದೆಂದು ಅನುಭವಸ್ಥರು ಬಲ್ಲರು. ಹರಿವಿನಿಂದ ಕೆಲವು ಮಾರು ದೂರದಲ್ಲಿ ಮರಳನ್ನು ಮೊಳಕೈಯವರೆಗೆ ತೋಡಿದರೆ ಒರತೆ ಕಾಣಿಸಿಕೊಳ್ಳುತ್ತದೆ. ಮೊದಲು ಬರುವ ಕದಡಿದ ನೀರನ್ನು ಎರಡು ಮೂರು ಬಾರಿ ಮೊಗೆದು ಚೆಲ್ಲಿದರೆ, ಆಮೇಲೆ ಒಸರುವುದು ಮರಳಿನಲ್ಲಿ ಸೋಸಿ ಬಂದ ತಿಳಿನೀರು. ಮಳೆಗಾಲದ ಕೆಂಪು ನೀರಾದರೆ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಇಟ್ಟರೆ ಕೆಸರು ತಳಕ್ಕೆ ಇಳಿಯುತ್ತದೆ. ಯಾವ ನೀರೇ ಆಗಲಿ, ಹಳೆಯ ಸೀರೆಯ ಸೆರಗನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಹಿಡಿದು ಸೋಸದೆ ತುಂಬುತ್ತಿರಲಿಲ್ಲ.

ಇದನ್ನು ಬರಿಯ ಆಚಾರವೆಂದು ತಳ್ಳಿಹಾಕುವಂತಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿಯೂ ಜಾತ್ರೆಗಳೆಂದರೆ ಕಾಲರಾದ ಭಯ. ಜನ ಸಾವಿರಗಟ್ಟಲೆ ಸೇರಿದ ಕಡೆ ನೀರು ಕೆಡುತ್ತಿತ್ತು. ಜಾತ್ರೆ ಮುಗಿಸಿ ಹೊರಟ ಬಂಡಿಗಳೊಡನೆ ರೋಗವೂ ಊರೂರಿಗೆ ಹೋಗುತ್ತಿತ್ತು. ಬೆಳಗ್ಗೆ ಆಡುತ್ತಿದ್ದ ಮಗು ಸಂಜೆಗೆ ಇಲ್ಲವಾಗುತ್ತಿದ್ದ ಕಾಲವದು. ಈಚೆಗೆ ವಿಜ್ಞಾನಿಗಳು ಸೀರೆಯ ಮಡಿಕೆಯ ಮಹತ್ತ್ವವನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ವಿಜ್ಞಾನಿ ರೀಟಾ ಕೋಲ್‌ವೆಲ್ ಮತ್ತು ಅವರ ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹಳೆಯ ಸೀರೆಯನ್ನು ನಾಲ್ಕಕ್ಕಿಂತ ಕಡಿಮೆಯಿಲ್ಲದ ಮಡಿಕೆ ಮಾಡಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು ಇಳಿದಿತ್ತು. ಕಾಲರಾದ ಕ್ರಿಮಿಗಳು ನೀರಿನಲ್ಲಿ ತೇಲುವ ಅತಿಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತವೆ. ಆ ಜೀವಿಗಳು ಬಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಹೊಸ ಸೀರೆಗಿಂತ ಹಳೆಯದೇ ಲೇಸು, ಏಕೆಂದರೆ ಒಗೆದು ಒಗೆದು ಅದರ ನೂಲು ಉಬ್ಬಿ ಕಣ್ಣುಗಳು ಕಿರಿದಾಗಿರುತ್ತವೆ. ಉಳಿದ ಅರ್ಧ ಅಪಾಯವನ್ನು ಕಳೆಯಲು ನೀರನ್ನು ಕುದಿಸಲೇಬೇಕು. ದಾರಿಯಲ್ಲಿ ಸೌದೆಯ ಅಭಾವದಿಂದ ಅದು ಎಲ್ಲ ದಿನವೂ ಸಾಧ್ಯವಾಗುತ್ತಿರಲಿಲ್ಲ. ಸೆರಗಿನ ಸೋಸುವಿಕೆಯಿಂದ ಎಷ್ಟು ಮಕ್ಕಳು ಊರಿಗೆ ಮರಳಿದರೋ ಲೆಕ್ಕವಿಲ್ಲ. ಮರಳದೆ ಹೋದವರ ಲೆಕ್ಕವೂ ಇಲ್ಲ.

ಬಂಡಿಯಲ್ಲಿ ಕುಳಿತುಕೊಳ್ಳುವುದಕ್ಕೂ ಒಂದು ವಿದ್ಯೆ ಬೇಕಾಗಿತ್ತು. ಎರಡು ಚಕ್ರದ ಬಂಡಿ ತಕ್ಕಡಿಯಂತೆ. ಅಚ್ಚು ಅದರ ನಡುಮುಳ್ಳು. ಭಾರ ಹಿಂದಕ್ಕೆ ಜಗ್ಗಿದರೆ ನೊಗ ಮೇಲೆದ್ದು ಎತ್ತಿನ ಕೊರಳಪಟ್ಟಿ ಬಿಗಿಯುತ್ತದೆ. ಮುಂದಕ್ಕೆ ಬಾಗಿದರೆ ನೊಗವೆಲ್ಲ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಏರು ಬಂದಾಗ ಭಾರ ತಾನಾಗಿಯೇ ಹಿಂದಕ್ಕೆ ಸರಿಯುವುದರಿಂದ ಒಳಗಿದ್ದವರು ಮುಂದಕ್ಕೆ ಸರಿಯಬೇಕು, ಇಳಿಜಾರಿನಲ್ಲಿ ಹಿಂದಕ್ಕೆ. ಗಾಡಿ ಹೊಡೆಯುವವನು ಒಂದು ಕೂಗು ಹಾಕಿದರೆ ಸಾಕು, ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಮುದುಕಿಯೂ ನಿದ್ದೆಗಣ್ಣಿನಲ್ಲಿಯೇ ಜರುಗುತ್ತಿದ್ದಳು. ಸನ್ನೆಯ ನಿಯಮವನ್ನು ತರಗತಿಯಲ್ಲಿ ಕಲಿಯುವ ಮೊದಲೇ ಆಕೆಯ ಸೊಂಟಕ್ಕೆ ಅದು ಗೊತ್ತಿತ್ತು. ಕೆಳಗೆ ದಪ್ಪನಾಗಿ ಹುಲ್ಲು, ಅದರ ಮೇಲೆ ಕಂಬಳಿ, ಮೇಲೆ ಜಮಖಾನ. ಕಮಾನಿನ ಬಿದಿರಿಗೆ ಸೀರೆಯ ಜೋಲಿ ಕಟ್ಟಿ ಅದರಲ್ಲಿ ಹಸುಗೂಸು. ಬಂಡಿಯ ಕುಲುಕಾಟವೇ ತೊಟ್ಟಿಲು ತೂಗುತ್ತಿತ್ತು. ಕಲ್ಲುದಾರಿಯಲ್ಲಿ ಮಾತ್ರ ಬಸುರಿಯರೂ ಬಾಣಂತಿಯರೂ ಇಳಿದು ನಡೆಯುವುದೇ ಸುಖ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಅತಿಶಯೋಕ್ತಿಯಿರಲಾರದು.

ಬಿಸಿಲನ್ನು ತಪ್ಪಿಸಲು ಬಂಡಿಗಳು ಇರುಳಿನಲ್ಲಿ ಸಾಗುತ್ತಿದ್ದುವು. ಹೆಂಗಸರು ಮಕ್ಕಳಿರುವ ಬಂಡಿಗಳು ಸಾಲಿನ ನಡುವೆ. ಮುಂದೆಯೂ ಹಿಂದೆಯೂ ಗಟ್ಟಿ ಆಳುಗಳ ಬಂಡಿ. ಅಚ್ಚಿನ ಕೆಳಗೆ ತೂಗುವ ಕಂದೀಲು, ಎತ್ತಿನ ಕೊರಳ ಗಂಟೆ ಇವೆರಡೂ ಅಲಂಕಾರಕ್ಕಲ್ಲ. ಹಿಂದಿನ ಬಂಡಿಗೆ ಮುಂದಿನ ಬಂಡಿ ಇದೆಯೆಂಬ ಸೂಚನೆಗೆ. ಜಾತ್ರೆಗೆಂದು ತೊಡಬೇಕಾದ ಒಡವೆಗಳು ದಾರಿಯಲ್ಲಿ ಮೈಮೇಲಿರುತ್ತಿರಲಿಲ್ಲ. ಅಕ್ಕಿಯ ಮೂಟೆಯ ನಡುವೆಯೋ ಹುರುಳಿಯ ಚೀಲದ ತಳದಲ್ಲಿಯೋ ಹುದುಗಿಸಿಟ್ಟು, ಯಾವ ಮೂಟೆಯೆಂಬುದನ್ನು ಒಬ್ಬಿಬ್ಬರಿಗೆ ಮಾತ್ರ ತಿಳಿಸಿರುತ್ತಿದ್ದರು. ತಂಗುವುದಾದರೆ ಗುಂಡುತೋಪು, ಛತ್ರ, ಅರವಟ್ಟಿಗೆಗಳಿರುವ ಕಡೆ. ನಸುಕು ಹರಿಯುವ ಮುನ್ನ ಎದ್ದು ಸ್ನಾನ ಮುಗಿಸಿಕೊಳ್ಳದಿದ್ದರೆ ಹೆಣ್ಣಿಗೆ ಆ ದಿನವೆಲ್ಲ ಮರೆ ಸಿಕ್ಕುವುದಿಲ್ಲ. ಸುತ್ತಲೂ ಇಬ್ಬರು ಮೂವರು ಸೀರೆ ಹಿಡಿದು ನಿಂತು ಒಬ್ಬಳಿಗೆ ಮರೆ ಮಾಡಬೇಕು. ಆಮೇಲೆ ಅವಳು ಇನ್ನೊಬ್ಬಳಿಗೆ. ತಿಂಗಳ ದಿನಗಳ ಕಷ್ಟವನ್ನಂತೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ದೇವರ ದಾರಿಯಲ್ಲಿರುವಾಗ ಅದು ಬಂದರೆ ಮೈಲಿಗೆಯೆಂಬ ಹೆಸರಿನಲ್ಲಿ ಬಂಡಿಯಿಂದಿಳಿದು ಹಿಂದೆ ಉಳಿಯಬೇಕಾಗಿ ಬರುತ್ತಿತ್ತು. ವರ್ಷವೆಲ್ಲ ಕಾದು ಹೊರಟವಳು ಗುಡಿಯ ಗೋಪುರವನ್ನು ದೂರದಿಂದ ಕಂಡು ಹಿಂದಿರುಗಿದ್ದುಂಟು. ಆ ಕಟ್ಟಳೆಯನ್ನು ಮಾಡಿದವರು ಆ ದಾರಿಯನ್ನು ಹೆಣ್ಣಾಗಿ ನಡೆದವರಲ್ಲ.

ಹೆರಿಗೆಯೂ ದಾರಿಯಲ್ಲಿ ಆಗುತ್ತಿದ್ದುದುಂಟು. ನೆರೆಯ ತಮಿಳು ಸೀಮೆಯ ಹಳೆಯ ರಸ್ತೆಗಳ ಪಕ್ಕದಲ್ಲಿ ಎರಡು ಕಂಬಗಳ ಮೇಲೆ ಒಂದು ಅಡ್ಡಗಲ್ಲು ಇಟ್ಟ ಹೊರೆಗಲ್ಲುಗಳು ಕಾಣುತ್ತವೆ. ತಲೆಹೊರೆಯನ್ನು ಮತ್ತೊಬ್ಬರ ನೆರವಿಲ್ಲದೆ ಇಳಿಸಿ, ಏರಿಸಿಕೊಳ್ಳಲು ಅನುಕೂಲವಾಗಲೆಂದು ಆಳೆತ್ತರಕ್ಕೆ ಮಾಡಿದ ಕಲ್ಲುಗಳಿವು. ಹೆರಲಾರದೆ ಗರ್ಭಿಣಿಯಾಗಿಯೇ ತೀರಿಕೊಂಡ ಹೆಣ್ಣಿನ ನೆನಪಿಗೆ ಇಂಥ ಕಲ್ಲನ್ನು ನಿಲ್ಲಿಸುವ ರೂಢಿ ಅಲ್ಲಿತ್ತು. ಹೊರೆಯನ್ನು ಇಳಿಸಲಾಗದೆ ಹೋದವಳ ಹೆಸರಿನಲ್ಲಿ ದಾರಿಹೋಕರ ಹೊರೆ ಇಳಿಯಲಿ ಎಂಬುದು ಅದರ ಭಾವ.

ಇಷ್ಟೆಲ್ಲ ತೊಡಕುಗಳಿದ್ದರೂ ಹೆಂಗಸರು ಬಂಡಿಯ ಪಯಣಕ್ಕಾಗಿ ಹಾತೊರೆಯುತ್ತಿದ್ದರು. ಕಾರಣ ಸ್ಪಷ್ಟ. ಹೊಸಿಲು, ಹಿತ್ತಿಲು, ಬಾವಿ, ಹೊಲ ಇವುಗಳ ನಡುವೆಯೇ ದಿನ ಕಳೆಯುವವಳಿಗೆ ದೂರದ ಬಯಲನ್ನು ನೋಡುವ ಅವಕಾಶ ಸಿಗುತ್ತಿದ್ದುದು ದೇವರ ಹೆಸರಿನಲ್ಲಿ ಮಾತ್ರ. ಹರಕೆ ಹೊತ್ತವಳನ್ನು ಮಾವನಾಗಲಿ ಗಂಡನಾಗಲಿ ತಡೆಯುವಂತಿರಲಿಲ್ಲ. ಬಂಡಿಯೊಳಗೆ ಅತ್ತೆಯ ಬಿಗಿ ಸ್ವಲ್ಪ ಸಡಿಲವಾಗುತ್ತಿತ್ತು. ಸೊಸೆ ನಗಬಹುದಾಗಿತ್ತು, ಹಾಡಬಹುದಾಗಿತ್ತು. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ಶುಭಕಾರ್ಯಗಳಿಂದ ದೂರವಿಟ್ಟ ಹೆಣ್ಣಿಗೂ ಯಾತ್ರೆಯ ಬಂಡಿಯಲ್ಲಿ ಒಂದು ಜಾಗವಿತ್ತು. ಬೇರೆ ಊರಿನ ಬಂಡಿಗಳು ಒಂದೇ ತೋಪಿನಲ್ಲಿ ತಂಗಿದಾಗ ಸಂಬಂಧಗಳು ಕುದುರುತ್ತಿದ್ದುವು, ಬೀಜಗಳು ಕೈ ಬದಲಾಗುತ್ತಿದ್ದುವು, ಮದ್ದಿನ ಗುಟ್ಟುಗಳು ಕಿವಿಯಿಂದ ಕಿವಿಗೆ ಹೋಗುತ್ತಿದ್ದುವು. ತವರಿನ ಕಡೆಯ ಬಂಡಿ ಸಿಕ್ಕಿದರೆ ಅಂದಿನ ರಾತ್ರಿ ನಿದ್ದೆಯೇ ಇಲ್ಲ.

ಜಾತ್ರೆಯ ಬಂಡಿಯವರು ಹೋಗಿ ಮರಳುವವರು. ಮರಳಿ ಹೋಗಲು ಊರೇ ಇಲ್ಲದೆ, ದಾರಿಯನ್ನೇ ಊರಾಗಿ ಮಾಡಿಕೊಂಡವರು ಕೂಡ ಕನ್ನಡ ನಾಡಿನಲ್ಲಿದ್ದರು. ಅವರು ಲಂಬಾಣಿಗಳು. ಬಂಜಾರರು, ಸುಗಾಲಿಗಳು ಎಂದೂ ಅವರಿಗೆ ಹೆಸರುಂಟು. ಕರಾವಳಿಯ ಉಪ್ಪನ್ನು ಒಳನಾಡಿಗೆ, ಒಳನಾಡಿನ ಧಾನ್ಯವನ್ನು ಬೇರೆ ಸೀಮೆಗಳಿಗೆ ಸಾಗಿಸುವುದು ಅವರ ಕಸಬು. ಅವರದು ಬಂಡಿಯಲ್ಲ, ಹೇರೆತ್ತು. ಎತ್ತಿನ ಬೆನ್ನಿನ ಎರಡು ಪಕ್ಕಕ್ಕೂ ಸಮತೂಕದ ಗೋಣಿಗಳನ್ನು ಇಳಿಬಿಟ್ಟು, ನೂರಾರು ಸಾವಿರಾರು ಎತ್ತುಗಳ ಹಿಂಡನ್ನು ಅಡ್ಡದಾರಿ, ಕಣಿವೆಗಳ ಮೂಲಕ ಹೊಡೆದುಕೊಂಡು ಹೋಗುತ್ತಿದ್ದರು. ಬಂಡಿ ಹೋಗದ ಕಡೆ ಹೇರೆತ್ತು ಹೋಗುತ್ತಿತ್ತು. ಸೈನ್ಯಗಳಿಗೂ ಅವರೇ ಧಾನ್ಯ ಒದಗಿಸುತ್ತಿದ್ದರು. 1791ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸ್ ಆಹಾರವಿಲ್ಲದೆ, ದನಗಳು ಸತ್ತು, ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಮರುವರ್ಷ ಅವನು ಮತ್ತೆ ಬಂದು ನಿಲ್ಲಲು ಸಾಧ್ಯವಾದದ್ದು ಬಂಜಾರರ ಎತ್ತುಗಳು ತಂದ ಧಾನ್ಯದಿಂದ. ದೊರೆಗಳ ಯುದ್ಧದಲ್ಲಿ ಯಾವ ಪಕ್ಷದವರೂ ಅವರಿಗೆ ಶತ್ರುಗಳಲ್ಲ. ಧಾನ್ಯ ಮಾರುವವರನ್ನು ಮುಟ್ಟದಿರುವುದು ಎರಡು ಪಕ್ಷಕ್ಕೂ ಲಾಭವಾಗಿತ್ತು.

ಈ ಸಾಲಿನಲ್ಲಿ ಹೆಂಗಸರು ಕುಳಿತು ಸಾಗುವವರಲ್ಲ, ನಡೆಯುವವರು. ಬೆಳಗ್ಗೆ ಗೋಣಿ ಹೇರುವಾಗ ಒಂದು ಕಡೆ ಗಂಡಸು, ಇನ್ನೊಂದು ಕಡೆ ಹೆಂಗಸು ಏಕಕಾಲದಲ್ಲಿ ಎತ್ತಿದರೆ ಮಾತ್ರ ಎತ್ತು ಬೆದರದೆ ನಿಲ್ಲುತ್ತದೆ. ದಾರಿಯಲ್ಲಿ ಸೌದೆ ಕೂಡಿಸುವುದು, ತಂಗಿದ ಕಡೆ ಅಡಿಗೆ, ಎಳೆಗರುಗಳ ಆರೈಕೆ, ಹರಿದ ಗೋಣಿಗೆ ಹೊಲಿಗೆ ಎಲ್ಲವೂ ಆಕೆಯದು. ಕನ್ನಡಿಯ ಚೂರುಗಳು, ಕವಡೆಗಳು, ಬಣ್ಣದ ದಾರಗಳಿಂದ ಕೂಡಿದ ಫೇಟಿಯಾ, ಕಾಂಚಳಿ, ಟುಕ್ರಿಗಳನ್ನು ಇಂದು ಎಲ್ಲರೂ ಮೆಚ್ಚುತ್ತಾರೆ. ನೆಲೆಯಿಲ್ಲದವಳ ಆಸ್ತಿ ಮೈಮೇಲೆಯೇ ಇರಬೇಕಷ್ಟೆ. ಪೆಟ್ಟಿಗೆಯಿಲ್ಲ, ಗೋಡೆಯಿಲ್ಲ, ಬೆಳ್ಳಿಯನ್ನು ಕೂದಲಿಗೆ ಕಟ್ಟಿಕೊಂಡು, ಕಸೂತಿಯನ್ನು ತೊಟ್ಟುಕೊಂಡು ನಡೆದಳು. ಹೊಲಿಗೆಯೆಂದರೆ ಅವಳಿಗೆ ಬಿಡುವಿನ ವಿನೋದವೂ ಹೌದು, ಹರಿದುದನ್ನು ಬಲಪಡಿಸುವ ಉಪಾಯವೂ ಹೌದು. ತೇಪೆಯ ಮೇಲೆ ತೇಪೆ ಹಾಕಿ ಹೊಲಿದ ಬಟ್ಟೆ ಮುಳ್ಳುಪೊದೆಗೆ ಸುಲಭವಾಗಿ ಹರಿಯುವುದಿಲ್ಲ. ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ.

ಮಳೆಗಾಲದಲ್ಲಿ ಹೇರು ಸಾಗದು. ಹುಲ್ಲು ಚೆನ್ನಾಗಿರುವ ಕಡೆ ತಾಂಡಾ ಬೀಡುಬಿಟ್ಟಾಗ ಮದುವೆಗಳು ನಡೆಯುತ್ತಿದ್ದುವು. ಅಲಂಕರಿಸಿದ ಎತ್ತಿನ ಮೇಲೆ ವಧುವನ್ನು ನಿಲ್ಲಿಸಿ, ಅವಳು ತವರಿನವರಿಗೆ ಅಳುತ್ತ ಹಾಡಿ ವಿದಾಯ ಹೇಳುವ ಸಂಪ್ರದಾಯ ಲಂಬಾಣಿಗರಲ್ಲಿದೆ. ಊರಿನ ಹೆಣ್ಣು ಗಂಡನ ಮನೆಗೆ ಹೋದರೆ ತವರು ಎಲ್ಲಿದೆಯೆಂದು ಅವಳಿಗೆ ಗೊತ್ತು. ತಾಂಡಾದ ಹೆಣ್ಣಿಗೆ ಗೊತ್ತಿರಲಿಲ್ಲ. ಎರಡು ತಾಂಡಾಗಳು ಎರಡು ದಿಕ್ಕಿಗೆ ಹೊರಟರೆ ಮತ್ತೆ ಯಾವ ಕಣಿವೆಯಲ್ಲಿ, ಯಾವ ವರ್ಷ ಕೂಡುವುವೋ! ಆ ಹಾಡಿನ ದುಃಖಕ್ಕೆ ಈ ಅನಿಶ್ಚಯವೇ ಮೂಲವೆಂದು ತಿಳಿದರೆ ಅದು ಬೇರೆಯಾಗಿಯೇ ಕೇಳಿಸುತ್ತದೆ.

ರಸ್ತೆ ಮತ್ತು ರೈಲುಗಳು ಬಂದ ಮೇಲೆ ಹೇರೆತ್ತಿನ ವ್ಯಾಪಾರ ಮುರಿಯಿತು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಲೆಮಾರಿ ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗುರುತಿಸುವ ಕಾಯಿದೆಯನ್ನು ತಂದಿತು. ಸಾಮ್ರಾಜ್ಯದ ಸೈನ್ಯಕ್ಕೆ ಅನ್ನ ಹೊತ್ತುತಂದವರ ಮೊಮ್ಮಕ್ಕಳು ಸಂಶಯದ ಕಣ್ಣಿಗೆ ಗುರಿಯಾದರು. ಸ್ವಾತಂತ್ರ್ಯದ ಅನಂತರ, 1952ರಲ್ಲಿ, ಆ ಕಾಯಿದೆ ರದ್ದಾಯಿತು. ಅಷ್ಟರಲ್ಲಿ ತಾಂಡಾ ಎಂಬ ಮಾತಿನ ಅರ್ಥವೇ ಬದಲಾಗಿತ್ತು. ನಡೆಯುವ ಗುಂಪಿನ ಹೆಸರು ಊರಂಚಿನಲ್ಲಿ ನೆಲೆನಿಂತ ಕೇರಿಯ ಹೆಸರಾಯಿತು.

ಹೀಗೆ ದಾರಿಯಲ್ಲಿ ಸಂಸಾರ ನಡೆಸಿದ ಹೆಂಗಸರು ನಮ್ಮ ನಾಡಿನಲ್ಲಿ ಮಾತ್ರ ಇದ್ದರೆಂದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಮಿಸ್ಸೌರಿ ನದಿಯ ತೀರದಿಂದ ಪಶ್ಚಿಮದ ಆರೆಗಾನ್ ಪ್ರಾಂತಕ್ಕೆ ಸಾವಿರಾರು ಕುಟುಂಬಗಳು ಎತ್ತಿನ ಬಂಡಿಗಳಲ್ಲಿ ವಲಸೆ ಹೋದುವು. ಸುಮಾರು 3,200 ಕಿಲೋಮೀಟರು. ನಾಲ್ಕರಿಂದ ಆರು ತಿಂಗಳು. ಅಲ್ಲಿಯ ಹೆಂಗಸರು ಬೆಳಗ್ಗೆ ಕರೆದ ಹಾಲನ್ನು ಪಾತ್ರೆಯಲ್ಲಿ ಹಾಕಿ ಬಂಡಿಗೆ ತೂಗುಬಿಡುತ್ತಿದ್ದರು; ಸಂಜೆಗೆ ಕುಲುಕಾಟದಿಂದಲೇ ಬೆಣ್ಣೆ ಬಂದಿರುತ್ತಿತ್ತು. ಮರವಿಲ್ಲದ ಬಯಲಿನಲ್ಲಿ ಕಾಡೆಮ್ಮೆಗಳ ಒಣಸಗಣಿಯನ್ನು ಆಯ್ದು ಉರಿಹಾಕುತ್ತಿದ್ದರು. ಕಾಲರಾ ಅವರನ್ನೂ ಬಿಡಲಿಲ್ಲ. ಕಳಲೆಯ ಮೊಸರನ್ನಕ್ಕೂ ಆ ಬೆಣ್ಣೆಗೂ, ನಮ್ಮ ಬೆರಣಿಗೂ ಆ ಸಗಣಿಗೂ ಎಷ್ಟು ಹತ್ತಿರದ ನಂಟು! ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅವರಲ್ಲಿ ಹಲವರು ಅಕ್ಷರ ಬಲ್ಲವರಾಗಿದ್ದು ದಿನಚರಿ ಬರೆದಿಟ್ಟರು. ಅವು ಅಚ್ಚಾಗಿ ಚರಿತ್ರೆಗೆ ಸೇರಿದುವು. ನಮ್ಮ ಅಜ್ಜಿಯಂದಿರಿಗೆ ಹಾಗೆ ಬರೆಯಲು ಯಾರೂ ಅಕ್ಷರ ಕಲಿಸಿರಲಿಲ್ಲ.

ಬಂಡಿಸಾಲು ಪೂರ್ತಿಯಾಗಿ ಹಳೆಯ ಕಥೆಯಾಗಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಬಂದರೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಇಂದಿಗೂ ಚಕ್ಕಡಿಗಳು ಹೊರಡುತ್ತವೆ. ಸಜ್ಜೆಯ ಕಟಿ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ, ಕಡುಬುಗಳ ಗಂಟು ಜೊತೆಯಲ್ಲಿರುತ್ತದೆ. ಗುಡ್ಡ ಸೇರಿದ ಮೇಲೆ ಹೆಂಗಸರು ಪಡ್ಡಲಗಿ ತುಂಬಿಸಿ ಊಟಕ್ಕೆ ಕೂರುತ್ತಾರೆ. ಆ ರೊಟ್ಟಿಯ ಗುಣವೂ ನಮ್ಮ ಹುರಿಹಿಟ್ಟಿನದೇ; ತೇವವಿಲ್ಲದ್ದರಿಂದ ದಿನಗಟ್ಟಲೆ ಕೆಡದು.

ಕಳಲೆಯ ಕಡೆ ಕಾಲ ಬೇಗ ತಿರುಗಿತು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂತು. ದಳವಾಯಿ ಸೇತುವೆಯ ಮೇಲೆ ಒಂದು ಪಕ್ಕದಲ್ಲಿ ಬಂಡಿಗಳು, ಇನ್ನೊಂದು ಪಕ್ಕದಲ್ಲಿ ಹೊಗೆಬಂಡಿ ಹೋದುವು. ಈಗ ರೈಲಿಗೆ ಹೊಸ ಸೇತುವೆಯಾಗಿದೆ. ಹಳೆಯದು ಪಾರಂಪರಿಕ ಕಟ್ಟಡವಾಗಿ ಉಳಿದಿದೆ. ಬಸ್ಸುಗಳು ಬಂದ ಮೇಲೆ ಐದಾರು ದಿನಗಳ ಬೆಟ್ಟದ ದಾರಿ ಅರ್ಧ ದಿನದ್ದಾಯಿತು. ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ನಡೆಯತೊಡಗಿದ ಕುಂಭಮೇಳಕ್ಕೆ ಬರುವವರಲ್ಲಿ ಬಂಡಿಯವರನ್ನು ಹುಡುಕಬೇಕು. 2023ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಶಕ್ತಿ ಯೋಜನೆಯನ್ನು ಜಾರಿಗೆ ತಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕಲ್ಪಿಸಿತು. ಮೊದಲ ವಾರಗಳಲ್ಲಿಯೇ ತೀರ್ಥಕ್ಷೇತ್ರಗಳ ಬಸ್ಸುಗಳು ಹೆಂಗಸರಿಂದ ತುಂಬಿ ತುಳುಕಿದುವು. ಕೆಲವರು ನಕ್ಕರು, ಕೆಲವರು ಗೊಣಗಿದರು. ಹರಕೆಯ ನೆಪವಿಲ್ಲದೆ ಹೊಸಿಲು ದಾಟಲಾರದಿದ್ದ ಅಜ್ಜಿಯರ ಮೊಮ್ಮಕ್ಕಳು ಕಿಟಕಿಯ ಪಕ್ಕದ ಜಾಗಕ್ಕಾಗಿ ಆತುರಪಟ್ಟಿದ್ದರಲ್ಲಿ ನಗುವಂಥದೇನಿದೆ?

ದೇವರಿಗಾಗಿ ಅಲ್ಲದೆ ಹೊಟ್ಟೆಗಾಗಿ ಹೊರಡುವ ಸಾಲುಗಳೂ ಇವೆ. ಮಳೆಗಾಲ ಮುಗಿದು ಕಬ್ಬು ಕಡಿಯುವ ಕಾಲ ಬಂದಾಗ ಉತ್ತರದ ಜಿಲ್ಲೆಗಳ ತಾಂಡಾಗಳಿಂದ ಕುಟುಂಬಗಳು ಮಂಡ್ಯದ ಕಡೆಗೂ ಮಹಾರಾಷ್ಟ್ರದ ಕಡೆಗೂ ಹೊರಡುತ್ತವೆ. ಹೇರೆತ್ತಿನ ಬದಲು ಟ್ರಾಕ್ಟರು, ಲಾರಿ. ಪಾತ್ರೆ, ಹಾಸಿಗೆ, ಕೋಳಿ, ಕೂಸು ಎಲ್ಲವೂ ಅದರ ಮೇಲೆ. ಅನೇಕ ಕಡೆ ಗಂಡಹೆಂಡಿರ ಜೋಡಿಗೆ ಒಂದೇ ಲೆಕ್ಕದ ಕೂಲಿ. ಹೆಂಡತಿ ಎಷ್ಟು ಹೊರೆ ಹೊತ್ತಳೆಂಬುದು ಪ್ರತ್ಯೇಕವಾಗಿ ಪುಸ್ತಕ ಸೇರುವುದಿಲ್ಲ. ಗದ್ದೆಯ ಬದಿಯ ಗುಡಾರದಲ್ಲಿ ಆಕೆ ನಸುಕಿಗೆ ಮುನ್ನ ಎದ್ದು ಮೂರು ಕಲ್ಲಿನ ಒಲೆ ಹೂಡುತ್ತಾಳೆ, ರೊಟ್ಟಿ ಬಡಿದು ಗಂಟು ಕಟ್ಟುತ್ತಾಳೆ, ಕೂಸಿಗೆ ಸೀರೆಯ ಜೋಲಿ ಕಟ್ಟುತ್ತಾಳೆ. ದೊಡ್ಡ ಮಗಳು ಅದನ್ನು ತೂಗುತ್ತ ಗುಡಾರದಲ್ಲಿ ಉಳಿಯುತ್ತಾಳೆ. ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತು ಬೀಳುತ್ತದೆ. ಇಂಥ ಮಕ್ಕಳಿಗಾಗಿ ಶಿಕ್ಷಣ ಇಲಾಖೆ ಗುಡಾರಗಳ ಬಳಿಯಲ್ಲಿಯೇ ಟೆಂಟ್ ಶಾಲೆಗಳನ್ನೂ, ತಂದೆತಾಯಿಗಳು ಹೊರಟಾಗ ಊರಿನಲ್ಲಿಯೇ ಉಳಿದು ಓದಲು ಋತುಮಾನದ ವಸತಿಶಾಲೆಗಳನ್ನೂ ಅಲ್ಲಲ್ಲಿ ತೆರೆದದ್ದುಂಟು. ಅಲ್ಲಿಗೆ ಬರುವ ಹುಡುಗಿಯರಲ್ಲಿ ಕೆಲವರು ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಹೊತ್ತುಕೊಂಡೇ ಬರುತ್ತಾರೆ. ಕೂಸನ್ನು ಪಕ್ಕದಲ್ಲಿ ಮಲಗಿಸಿ, ಪಾಟಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ.